ಹೊಗೆಸೊಪ್ಪಿನ ಹೆಂಗಸರು ಹೇಳಿದ ಕಥೆ

ಹೊಗೆಸೊಪ್ಪು ಬೆಳೆಯುವ ಭೂಮಾಲೀಕ ಮಹಾಶಯರು ಅದರ ದರವನ್ನೂ ತೂಕವನ್ನೂ ಚೆನ್ನಾಗಿ ಬಲ್ಲರು. ಮಾಲು ಗಾಡಿಯಿಂದಿಳಿದ ಬಳಿಕ ಅದನ್ನು ಹಸನು ಮಾಡುವವರ ಸ್ಥಿತಿಗತಿಯನ್ನು ವಿಚಾರಿಸುವವರು ಮಾತ್ರ ವಿರಳ.

ಹಾಗೆ ವಿಚಾರಿಸಿದವರಲ್ಲಿ ಶ್ರೀಮತಿ ದೀಪಾ ಧನ್‌ರಾಜರು ಒಬ್ಬರು. ಇವರು 1980ರಲ್ಲಿ ಸಂಗಡಿಗರೊಡನೆ ಬೆಂಗಳೂರಿನಲ್ಲಿ ‘ಯುಗಾಂತರ’ವೆಂಬ ಚಲನಚಿತ್ರ ಕೂಟವನ್ನು ಸ್ಥಾಪಿಸಿದರು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಹೋಗಿ, ಕಾರ್ಖಾನೆಯ ಕೆಲಸಗಾರ್ತಿಯರೊಡನೆ ನಾಲ್ಕು ತಿಂಗಳು ಕಳೆದು, ಅವರ ಮಾತುಗಳನ್ನು ಕಿವಿಗೊಟ್ಟು ಕೇಳಿ ಚಿತ್ರವನ್ನು ರಚಿಸಿದರೆಂಬುದು ಗಮನಾರ್ಹವು. ಕ್ಯಾಮರಾ ಹಿಡಿದು ಒಂದು ದಿನದಲ್ಲಿ ಹಿಂದಿರುಗುವವರೇ ಬಹಳ.

1982ರ ಆ ಮರಾಠಿ ಚಿತ್ರದ ಹೆಸರು ‘ತಂಬಾಕು ಚಾಕಿಲಾ ಊಬ್ ಆಲಿ’. ಅದುವರೆಗೆ ಹೊರಗಿನವರು ಕಾಣದಿದ್ದ ಕಾರ್ಖಾನೆಯ ಒಳಭಾಗವನ್ನು ಅದು ತೋರಿಸಿತು. ಸೊಪ್ಪಿನ ಧೂಳಿನಲ್ಲಿ ದುಡಿದ ಕಷ್ಟವನ್ನೂ, ಸಂಘ ಕಟ್ಟಿ ಮುಷ್ಕರ ಹೂಡಿದ ಬಗೆಯನ್ನೂ ಹೆಂಗಸರೇ ಅದರಲ್ಲಿ ಬಣ್ಣಿಸುತ್ತಾರೆ.

ಮರುವರ್ಷ ‘ಸುದೇಶಾ’ ಬಂದಿತು. ಅದು ಹಿಮಾಲಯದ ಹಳ್ಳಿಯಲ್ಲಿ ಚಿಪ್ಕೊ ಚಳವಳಿಗೆ ನಿಂತ ರೈತಮಹಿಳೆಯೊಬ್ಬಳ ಚರಿತ್ರೆ.

1991ರ ‘ಸಮ್‌ಥಿಂಗ್ ಲೈಕ್ ಎ ವಾರ್’ ಇನ್ನೂ ತೀಕ್ಷ್ಣವಾದುದು. ಕುಟುಂಬಯೋಜನೆಯ ಗುರಿಸಂಖ್ಯೆಯನ್ನು ಮುಟ್ಟಿಸುವ ಆತುರದಲ್ಲಿ ಬಡ ಹೆಂಗಸರಿಗೆ ಶಸ್ತ್ರಚಿಕಿತ್ಸೆ ನಡೆಸಿದ ರೀತಿಯು ಇಲ್ಲಿದೆ. ಅಂತಹ ಶಿಬಿರಗಳಿಗೆ ಜನರನ್ನು ಒದಗಿಸಿದ ಗ್ರಾಮಪ್ರಮುಖರಿಗೆ ಇದು ಹಿತವೆನಿಸಲಾರದು. ಆದರೂ ಅವರು ಮೊದಲು ನೋಡತಕ್ಕ ಚಿತ್ರವು ಇದೇ.