ಕಂಪ್ಯೂಟರ್ ಆನ್ ಆದ ಕೂಡಲೇ ತಿಪ್ಪೇರುದ್ರಸ್ವಾಮಿಯ ಚಿತ್ರ ಬರುವಂತೆ ಮಾಡಬಹುದೇ? ಆ ಫೈಲ್ ಹಾಕುವ ಮುನ್ನ ಇದನ್ನು ಓದಿ

ಫಾಲ್ಗುಣದ ಜಾತ್ರೆ ಹತ್ತಿರ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಚಿತ್ರಗಳದ್ದೇ ಸುಗ್ಗಿ. ಡಿಪಿ ಬದಲಾಗುತ್ತದೆ, ಸ್ಟೇಟಸ್‌ನಲ್ಲಿ ತೇರು ಸಾಗುತ್ತದೆ. ಇದೇ ಹೊತ್ತಿಗೆ ಬಂದ ಒಂದು ಫಾರ್ವರ್ಡ್ ಅನ್ನು ನಾಯಕನಹಟ್ಟಿಯ ಓದುಗರೊಬ್ಬರು ನಮಗೆ ಕಳಿಸಿ, "ಇದನ್ನು ಹಾಕಲೇ?" ಎಂದು ಕೇಳಿದ್ದಾರೆ. ಅವರದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ.

ಫಾರ್ವರ್ಡ್‌ನ ಸಾರ ಇಷ್ಟು: ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಂಪನಿಯ ಲೋಗೋ ಬದಲು ಅಜ್ಜಯ್ಯನ ಚಿತ್ರ ಬರುತ್ತದೆ. ಕೆಳಗಿನ ಫೈಲ್ ಇಳಿಸಿಕೊಳ್ಳಿ, ಆಂಟಿವೈರಸ್ ಆಫ್ ಮಾಡಿ, ರನ್ ಮಾಡಿ. ಇದು ಕುದಾಪುರದ ವಿಜ್ಞಾನಿಗಳು ಮಾಡಿದ್ದು. ಹನ್ನೊಂದು ಜನರಿಗೆ ಕಳಿಸಿ.

ನಮ್ಮ ಉತ್ತರ: ಆ ಫೈಲ್ ಹಾಕಬೇಡಿ. ಆದರೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಸ್ವಾಮಿಯ ಚಿತ್ರ ಮೊದಲು ಕಾಣಬೇಕು ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ, ಅದಕ್ಕೆ ಎರಡು ನಿಮಿಷದ ಸುರಕ್ಷಿತ ದಾರಿ ಇದೆ. ಅದನ್ನು ಮುಂದೆ ಹೇಳುತ್ತೇವೆ.

ವಿಜ್ಞಾನಿಗಳ ಮಾತನ್ನು ಮೊದಲೇ ಮುಗಿಸಿಬಿಡೋಣ. ನಾಯಕನಹಟ್ಟಿಯ ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ಅಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಇದೇ ತಾಲ್ಲೂಕಿನ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ 2023ರ ಏಪ್ರಿಲ್ 2ರಂದು ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರ್‌ನಿಂದ ಬಿಟ್ಟು, ರನ್‌ವೇ ಮೇಲೆ ತಾನಾಗಿಯೇ ಇಳಿಯುವಂತೆ ಮಾಡಿ ಪರೀಕ್ಷಿಸಿತ್ತು. ಊರಿನ ಪಕ್ಕದಲ್ಲೇ ಇಂಥ ಹೆಸರುಗಳಿದ್ದರೆ ಫಾರ್ವರ್ಡ್ ಬರೆಯುವವರಿಗೆ ಅನುಕೂಲ. ಯಾವ ವಿಜ್ಞಾನ ಸಂಸ್ಥೆಯೂ ತನ್ನ ಸಾಫ್ಟ್‌ವೇರನ್ನು ಅಪರಿಚಿತ ನಂಬರಿನಿಂದ, ಆಂಟಿವೈರಸ್ ಆಫ್ ಮಾಡಿ ಎಂದು ಹೇಳಿ ಹಂಚುವುದಿಲ್ಲ.

ನೀವು ಹೇಳುವ 'ಮೊದಲ ಪರದೆ' ಯಾವುದು?

ಕಂಪ್ಯೂಟರ್ ಆನ್ ಆಗುವಾಗ ನಮಗೆ ಒಂದೇ ಪರದೆ ಕಂಡಂತೆ ಅನ್ನಿಸಿದರೂ, ಒಂದರ ಹಿಂದೆ ಒಂದು ಮೂರು ಬಂದುಹೋಗುತ್ತವೆ. ಗುಂಡಿ ಒತ್ತಿದ ಕೂಡಲೇ ಬರುವುದು ತಯಾರಕರ ಲೋಗೋ. ಅದನ್ನು ತೋರಿಸುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡ್‌ನ ಚಿಪ್‌ನಲ್ಲಿ ಕೂತಿರುವ ಫರ್ಮ್‌ವೇರ್. ಹಳಬರು ಇದನ್ನು ಬಯೋಸ್ ಎನ್ನುತ್ತಿದ್ದರು, ಈಗ ಯುಇಎಫ್‌ಐ ಎಂಬ ಹೆಸರು. ಎರಡನೆಯದು ಚುಕ್ಕಿಗಳು ಸುತ್ತುವ ಪರದೆ, ವಿಂಡೋಸ್ ಮೆಮೊರಿಗೆ ಏರುತ್ತಿರುವ ಹೊತ್ತು. ಮೂರನೆಯದು ಗಡಿಯಾರ ಕಾಣುವ, ಪಾಸ್‌ವರ್ಡ್ ಕೇಳುವ ಲಾಕ್ ಸ್ಕ್ರೀನ್.

ಈ ಮೂರರಲ್ಲಿ ಮೂರನೆಯದು ಮಾತ್ರ ನಿಮ್ಮದು. ಮೊದಲ ಎರಡನ್ನು ಬದಲಿಸಬೇಕಾದರೆ ಕಂಪ್ಯೂಟರಿನ ಬುಡಕ್ಕೇ ಕೈ ಹಾಕಬೇಕು. ಫಾರ್ವರ್ಡ್ ಹೇಳುತ್ತಿರುವುದು ಆ ಮೊದಲ ಎರಡರ ಬಗ್ಗೆ.

ವಿಂಡೋಸ್ 10, 11ರಲ್ಲಿ ಚುಕ್ಕಿ ಸುತ್ತುವಾಗಲೂ ಮೇಲೆ ತಯಾರಕರ ಲೋಗೋ ಹಾಗೇ ಉಳಿದಿರುವುದನ್ನು ನೀವು ಗಮನಿಸಿರಬಹುದು. ಫರ್ಮ್‌ವೇರ್ ತನ್ನ ಲೋಗೋ ಮೆಮೊರಿಯಲ್ಲಿ ಎಲ್ಲಿದೆ ಎಂದು ಒಂದು ಚಿಕ್ಕ ಪಟ್ಟಿಯಲ್ಲಿ ಬರೆದಿಡುತ್ತದೆ, ವಿಂಡೋಸ್ ಅದನ್ನು ಓದಿ ಅದೇ ಚಿತ್ರವನ್ನು ಮುಂದುವರಿಸುತ್ತದೆ. ವಿಂಡೋಸ್ 8ರಿಂದ, ಅಂದರೆ 2012ರಿಂದ, ಈ ವ್ಯವಸ್ಥೆ ಇದೆ.

ಒಂದು ಕಾಲದಲ್ಲಿ ಇದು ಪೇಂಟ್‌ನಲ್ಲಿ ಆಗುವ ಕೆಲಸವಾಗಿತ್ತು

"ಹಿಂದೆ ನಾನೇ ಬದಲಿಸಿದ್ದೆ" ಎಂದು ಹೇಳುವವರು ನಿಮ್ಮ ಊರಲ್ಲೂ ಇರಬಹುದು. ಅವರು ಸುಳ್ಳು ಹೇಳುತ್ತಿಲ್ಲ. ವಿಂಡೋಸ್ 95 ಮತ್ತು 98ರಲ್ಲಿ ಮೋಡಗಳ ನಡುವಿನ ಆ ಆರಂಭದ ಚಿತ್ರ ಒಂದು ಸಾಮಾನ್ಯ ಬಿಟ್‌ಮ್ಯಾಪ್ ಫೈಲ್ ಆಗಿತ್ತು. ಸಿ ಡ್ರೈವ್‌ನಲ್ಲಿ 'ಲೋಗೋ.ಸಿಸ್' ಎಂಬ ಹೆಸರಿನ ಫೈಲ್ ಇಟ್ಟರೆ ವಿಂಡೋಸ್ ಅದನ್ನೇ ತೋರಿಸುತ್ತಿತ್ತು. ಅಳತೆ 320 ಅಗಲ, 400 ಎತ್ತರ, ಬಣ್ಣ 256. ಅಗಲಕ್ಕಿಂತ ಎತ್ತರ ಜಾಸ್ತಿ ಇದ್ದ ಈ ಚಿತ್ರವನ್ನು ಕಂಪ್ಯೂಟರ್ ಅಡ್ಡಕ್ಕೆ ಎಳೆದು ಪರದೆ ತುಂಬಿಸುತ್ತಿತ್ತು. ಹಾಗಾಗಿ ಫೋಟೊವನ್ನು ಪೇಂಟ್‌ನಲ್ಲಿ ಮೊದಲೇ ಸಪೂರ ಮಾಡದೆ ಹಾಕಿದರೆ ಮುಖ ಊದಿಕೊಂಡು ಕಾಣುತ್ತಿತ್ತು. ಆಫ್ ಮಾಡುವಾಗ ಬರುತ್ತಿದ್ದ 'ಈಗ ಕಂಪ್ಯೂಟರ್ ಆಫ್ ಮಾಡಬಹುದು' ಎಂಬ ಅರ್ಥದ ಕಿತ್ತಳೆ ಅಕ್ಷರದ ಪರದೆಯೂ ಇಂಥದ್ದೇ ಇನ್ನೊಂದು ಫೈಲ್, ಅದನ್ನೂ ಬದಲಿಸಬಹುದಿತ್ತು.

ವಿಂಡೋಸ್ ಎಕ್ಸ್‌ಪಿ ಬಂದಾಗ ಚಿತ್ರ ಕರ್ನಲ್ ಎಂಬ ಮುಖ್ಯ ಫೈಲಿನ ಒಳಗೇ ಸೇರಿತು. ಆಗಲೂ ಬೂಟ್‌ಸ್ಕಿನ್‌ನಂತಹ ತಂತ್ರಾಂಶಗಳಿಂದ ಬದಲಿಸುವವರಿದ್ದರು, ಕೆಲಸ ಕೆಟ್ಟು ಕಂಪ್ಯೂಟರ್ ಏಳದೇ ಹೋದ ಕಥೆಗಳೂ ಇದ್ದವು. ವಿಂಡೋಸ್ 7ರಲ್ಲಿ ಚಿತ್ರವಿರುವ ಫೈಲಿಗೆ ಡಿಜಿಟಲ್ ಸಹಿ ಇತ್ತು. ಯಾರಾದರೂ ಒಂದು ಬಿಂದು ತಿದ್ದಿದರೂ ಸಹಿ ಹೊಂದುವುದಿಲ್ಲ.

ಹೀಗೆ ಬೀಗ ಹಾಕಿದ್ದು ಏಕೆ?

ವಿಂಡೋಸ್ ಏಳುವ ಮುನ್ನವೇ ಓಡುವ ಪ್ರೋಗ್ರಾಂ ಯಾವುದೇ ಇರಲಿ, ಅದರ ಮುಂದೆ ಆಂಟಿವೈರಸ್ ಬಹುಮಟ್ಟಿಗೆ ಕೈಲಾಗದ ಕಾವಲುಗಾರ. ಆಂಟಿವೈರಸ್ ಇನ್ನೂ ನಿದ್ದೆಯಲ್ಲಿರುವಾಗ ಕಳ್ಳ ಒಳಗೆ ಬಂದು ಕೂತಿರುತ್ತಾನೆ. 2016ರಲ್ಲಿ ಹರಡಿದ ಪೆಟ್ಯಾ ಎಂಬ ರಾನ್ಸಮ್‌ವೇರ್ ಮಾಡಿದ್ದು ಇದನ್ನೇ. ಅದು ಹಾರ್ಡ್ ಡಿಸ್ಕಿನ ಆರಂಭದ ಭಾಗವನ್ನೇ ಬದಲಿಸುತ್ತಿತ್ತು. ಕಂಪ್ಯೂಟರ್ ಮತ್ತೆ ಆನ್ ಆದಾಗ ಡಿಸ್ಕ್ ಪರೀಕ್ಷೆ ನಡೆಯುತ್ತಿದೆ ಎಂಬ ಸುಳ್ಳು ಪರದೆ ತೋರಿಸಿ, ಹಿಂದಿನಿಂದ ಡಿಸ್ಕಿಗೆ ಬೀಗ ಜಡಿದು, ಕೊನೆಗೆ ತಲೆಬುರುಡೆಯ ಚಿತ್ರ ತೋರಿಸಿ ಹಣ ಕೇಳುತ್ತಿತ್ತು. ಅದೂ ಒಂದು 'ಬದಲಾದ ಆರಂಭದ ಪರದೆ'ಯೇ.

ಇದಕ್ಕಾಗಿಯೇ ಈಗಿನ ಕಂಪ್ಯೂಟರ್‌ಗಳಲ್ಲಿ ಸೆಕ್ಯೂರ್ ಬೂಟ್ ಇದೆ. ಸಹಿ ಇಲ್ಲದ ಪ್ರೋಗ್ರಾಂ ವಿಂಡೋಸ್‌ಗಿಂತ ಮೊದಲು ಓಡದಂತೆ ಅದು ತಡೆಯುತ್ತದೆ. ಲೋಗೋ ಬದಲಿಸಲು ಹ್ಯಾಕ್‌ಬಿಜಿಆರ್‌ಟಿ ಎಂಬ ಮುಕ್ತ ತಂತ್ರಾಂಶವೊಂದು ಇದೆ, ಅದು ಪ್ರಾಮಾಣಿಕವಾದದ್ದೇ. ತಪ್ಪಾದರೆ ಕಂಪ್ಯೂಟರ್ ಏಳದೇ ಹೋಗಬಹುದು ಎಂದು ಅದನ್ನು ಮಾಡಿದವರೇ ಎಚ್ಚರಿಸುತ್ತಾರೆ. ಅಷ್ಟು ಕಷ್ಟಪಟ್ಟರೂ ಬದಲಾಗುವುದು ಎರಡನೇ ಪರದೆ ಮಾತ್ರ, ಮೊದಲ ಕ್ಷಣದಲ್ಲಿ ಕಂಪನಿಯ ಲೋಗೋ ಮಿಂಚಿಯೇ ಹೋಗುತ್ತದೆ. ಯಾವುದಾದರೂ ವಿಂಡೋಸ್ ಅಪ್‌ಡೇಟ್ ಬಂದರೆ ಅದೂ ಅಳಿಸಿಹೋಗಬಹುದು.

ಚಿತ್ರವೇ ವೈರಸ್ ಆಗಬಹುದೇ?

'ಗುಡ್ ಮಾರ್ನಿಂಗ್ ಫೋಟೊ ತೆರೆದರೆ ಫೋನ್ ಹ್ಯಾಕ್' ಎಂಬ ಫಾರ್ವರ್ಡ್ ವರ್ಷಗಳಿಂದ ಸುತ್ತುತ್ತಿದೆ. ಇದಕ್ಕೆ ಹೊಸ ಮಸಾಲೆ ಹಾಕುವವರು 'ಲೋಗೋಫೇಲ್' ಹೆಸರು ಎತ್ತಬಹುದು, ಆದ್ದರಿಂದ ಅದೇನೆಂದು ಹೇಳುತ್ತೇವೆ. 2023ರ ಡಿಸೆಂಬರ್‌ನಲ್ಲಿ ಬೈನಾರ್ಲಿ ಎಂಬ ಭದ್ರತಾ ಸಂಸ್ಥೆ ಈ ದೋಷಗಳನ್ನು ಬಹಿರಂಗಪಡಿಸಿತು. ಆರಂಭದ ಲೋಗೋವನ್ನು ಓದುವ ಫರ್ಮ್‌ವೇರ್ ಭಾಗಗಳಲ್ಲಿ ತಪ್ಪುಗಳಿದ್ದವು. ಬೇಕೆಂದೇ ಕೆಡಿಸಿ ರೂಪಿಸಿದ ಚಿತ್ರವನ್ನು ಲೋಗೋ ಜಾಗದಲ್ಲಿ ಇಟ್ಟರೆ, ವಿಂಡೋಸ್ ಏಳುವ ಮುನ್ನವೇ ದಾಳಿಕೋರರ ಕೋಡ್ ಓಡುವಂತೆ ಮಾಡಬಹುದಿತ್ತು. ಎಎಂಐ, ಇನ್‌ಸೈಡ್, ಫೀನಿಕ್ಸ್ ಎಂಬ ಮೂರು ಪ್ರಮುಖ ಫರ್ಮ್‌ವೇರ್ ಪೂರೈಕೆದಾರರ ಕೋಡ್‌ನಲ್ಲೂ ಇದು ಇದ್ದುದರಿಂದ ಹಲವು ಬ್ರಾಂಡ್‌ಗಳಿಗೆ ತಟ್ಟಿತು. ತಯಾರಕರು ನಂತರ ಬಯೋಸ್ ಅಪ್‌ಡೇಟ್‌ಗಳಲ್ಲಿ ಸರಿಪಡಿಸಿದರು.

ಆದರೆ ಆ ಚಿತ್ರ ತಾನಾಗಿ ಲೋಗೋ ಜಾಗಕ್ಕೆ ಹೋಗಿ ಕೂರುವುದಿಲ್ಲ. ಯಾರಾದರೂ ಅಡ್ಮಿನ್ ಅಧಿಕಾರದಿಂದ ಅಲ್ಲಿಗೆ ಹಾಕಬೇಕು. ಗ್ರೂಪಿನಲ್ಲಿ ಬಂದ ತಿಪ್ಪೇರುದ್ರಸ್ವಾಮಿಯ ಚಿತ್ರವನ್ನು ನೋಡಿದರೆ, ಸೇವ್ ಮಾಡಿದರೆ, ಲೋಗೋಫೇಲ್ ಆಗುವುದಿಲ್ಲ. (ಚಿತ್ರ ತೋರಿಸುವ ಆ್ಯಪ್‌ಗಳಲ್ಲಿಯೇ ದೋಷ ಸಿಕ್ಕ ಉದಾಹರಣೆಗಳು ಬೇರೆ ಇವೆ, ವಾಟ್ಸಾಪ್ ಮತ್ತು ಫೋನನ್ನು ಅಪ್‌ಡೇಟ್ ಮಾಡಿಟ್ಟುಕೊಳ್ಳಿ ಎನ್ನುವುದು ಅದಕ್ಕೇ.) 'ಲೋಗೋ ಬದಲಿಸುತ್ತೇನೆ, ಅಡ್ಮಿನ್ ಅನುಮತಿ ಕೊಡಿ' ಎನ್ನುವ ಫೈಲನ್ನು ರನ್ ಮಾಡಿದರೆ, ಆ ಅಧಿಕಾರವನ್ನು ನೀವೇ ಕೈಯಾರೆ ಕೊಟ್ಟಂತೆ.

"ಸರ್ಕಾರಿ ಲ್ಯಾಪ್‌ಟಾಪ್‌ನಲ್ಲಿ ನಾಯಕರ ಚಿತ್ರ ಬರುತ್ತಿತ್ತಲ್ಲ?"

ಬರುತ್ತಿತ್ತು. 2013ರಲ್ಲಿ ಉತ್ತರ ಪ್ರದೇಶ ಸರ್ಕಾರ ವಿದ್ಯಾರ್ಥಿಗಳಿಗೆ ಹಂಚಿದ ಎಚ್‌ಪಿ ಲ್ಯಾಪ್‌ಟಾಪ್‌ಗಳನ್ನು ಆನ್ ಮಾಡಿದರೆ ಆಗಿನ ಮುಖ್ಯಮಂತ್ರಿ ಅಖಿಲೇಶ್ ಯಾದವ್ ಮತ್ತು ಅವರ ತಂದೆ ಮುಲಾಯಂ ಸಿಂಗ್ ಅವರ ಚಿತ್ರ ಮೂಡುತ್ತಿತ್ತು. ಲಕ್ಷಗಟ್ಟಲೆ ಯಂತ್ರ ಕೊಳ್ಳುವವರು ಕೇಳಿದರೆ ಹೀಗೆ ಮಾಡಿಸಿಕೊಳ್ಳಬಹುದು. ಒಂದು ಯಂತ್ರ ಇಟ್ಟುಕೊಂಡವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ: ಕೆಲವು ಥಿಂಕ್‌ಪ್ಯಾಡ್ ಮಾದರಿಗಳಲ್ಲಿ ಬಯೋಸ್ ಅಪ್‌ಡೇಟ್ ಮಾಡುವಾಗ ನಮ್ಮ ಚಿತ್ರ ಸೇರಿಸುವ ಅಧಿಕೃತ ಅವಕಾಶ ಇದೆ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಹೋಗಬಹುದು ಎಂಬುದನ್ನು ಮಾತ್ರ ಮರೆಯಬೇಡಿ. ನಮ್ಮ ಊರುಗಳ ಕರೆಂಟ್ ನಿಮಗೆ ಗೊತ್ತೇ ಇದೆ.

ಅಂಗಡಿಯ ಕಂಪ್ಯೂಟರ್‌ಗೆ ಇರುವ ದೊಡ್ಡ ಅಪಾಯ

ವೈರಸ್ ಇಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಒಂದು ತೊಂದರೆ ಇದೆ, ಇದರ ಬಗ್ಗೆ ಯಾವ ಫಾರ್ವರ್ಡೂ ಹೇಳುವುದಿಲ್ಲ. ವಿಂಡೋಸ್ 11 ಹಾಕಿಕೊಂಡೇ ಬರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಮಾಹಿತಿ ಬಿಟ್‌ಲಾಕರ್ ತಂತ್ರದಿಂದ ಗೂಢಲಿಪಿಯಲ್ಲಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಅಥವಾ ಬೂಟ್ ಫೈಲ್ ಬದಲಿಸಿದರೆ, ಯಾರೋ ಯಂತ್ರ ತೆರೆಯಲು ಯತ್ನಿಸುತ್ತಿದ್ದಾರೆ ಎಂದು ಬಿಟ್‌ಲಾಕರ್ ತಿಳಿದು ನೀಲಿ ಪರದೆಯಲ್ಲಿ 48 ಅಂಕಿಗಳ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮೊದಲು ಆನ್ ಮಾಡಿದಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆ ತೆರೆದುಕೊಟ್ಟವರು ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗನೋ, ಬೆಂಗಳೂರಿನಲ್ಲಿರುವ ಅಳಿಯನೋ ಆಗಿದ್ದರೆ ಹುಡುಕಾಟ ಶುರು. ಕೀ ಸಿಗದಿದ್ದರೆ ಡಿಸ್ಕಿನಲ್ಲಿದ್ದದ್ದು ಮರಳುವುದಿಲ್ಲ. ಗಿರಾಕಿಗಳ ಸ್ಕ್ಯಾನ್ ಮಾಡಿದ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಅರ್ಧ ತುಂಬಿದ ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅದರಲ್ಲೇ ಇರುತ್ತವೆ.

ಹಾಗಾದರೆ ಸರಿಯಾದ ದಾರಿ

ಮೂರನೇ ಪರದೆ ಸಾಕು. ಗಿರಾಕಿಗಳು ಬಂದಾಗ ಅಂಗಡಿಯಲ್ಲಿ ಕಾಣುವುದೂ ಅದೇ. ಸೆಟ್ಟಿಂಗ್ಸ್ ತೆರೆದು ಪರ್ಸನಲೈಸೇಷನ್, ಅದರಲ್ಲಿ ಲಾಕ್ ಸ್ಕ್ರೀನ್‌ಗೆ ಹೋಗಿ. 'ವಿಂಡೋಸ್ ಸ್ಪಾಟ್‌ಲೈಟ್' ಎಂದಿರುವಲ್ಲಿ 'ಪಿಕ್ಚರ್' ಆರಿಸಿ, ನಿಮ್ಮ ಫೋಟೊ ಹಾಕಿ. ಕೆಳಗೆ, ಇದೇ ಚಿತ್ರವನ್ನು ಸೈನ್-ಇನ್ ಪರದೆಯಲ್ಲೂ ತೋರಿಸು ಎಂಬ ಸ್ವಿಚ್ ಇದೆ, ಅದನ್ನು ಆನ್ ಮಾಡಿದರೆ ಪಾಸ್‌ವರ್ಡ್ ಹೊಡೆಯುವಾಗಲೂ ಸ್ವಾಮಿಯೇ. ಫೋನಿನಲ್ಲಿ ನಿಲುವಾಗಿ ತೆಗೆದ ಫೋಟೊ ಹಾಕಿದರೆ ತಲೆ, ಪಾದ ಎರಡೂ ಕತ್ತರಿಸಿಹೋಗುತ್ತವೆ. ಅಡ್ಡ ಚಿತ್ರ ಆರಿಸಿ.

ಆ ಆಯ್ಕೆಗಳು ಮಸುಕಾಗಿ, ಒತ್ತಲು ಬಾರದಂತೆ ಇವೆಯೇ? ಹಾಗಿದ್ದರೆ ನಿಮ್ಮ ವಿಂಡೋಸ್ ಆ್ಯಕ್ಟಿವೇಟ್ ಆಗಿಲ್ಲ ಎಂದರ್ಥ. ಪರದೆಯ ಬಲಮೂಲೆಯಲ್ಲಿ ಆ ಬಗ್ಗೆ ಬೂದು ಅಕ್ಷರಗಳೂ ಕಾಣುತ್ತಿರಬಹುದು. ಜನ ಇಂಥ ಅಡ್ಡದಾರಿ ಫೈಲ್‌ಗಳನ್ನು ಹುಡುಕಲು ಇದೂ ಒಂದು ಕಾರಣ ಎಂದು ನಮಗೆ ಅನ್ನಿಸುತ್ತದೆ. ಆಗಲೂ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಡೆಸ್ಕ್‌ಟಾಪ್ ಹಿನ್ನೆಲೆಯಾಗಿ ಇಡಬಹುದು.

ಮೊದಲಿನ ಪರದೆಯೇ ಬೇಕು ಎಂಬ ಹಟ ಇದ್ದರೆ ಲಿನಕ್ಸ್ ಇದೆ. ಅಲ್ಲಿ ವ್ಯವಸ್ಥೆ ಏಳುವಾಗಿನ ಚಿತ್ರವನ್ನು ಪ್ಲಿಮತ್ ಎಂಬ ತಂತ್ರಾಂಶ ತೋರಿಸುತ್ತದೆ. ಅದರ ಥೀಮ್ ಎಂದರೆ ಒಂದು ಫೋಲ್ಡರ್, ಕೆಲವು ಚಿತ್ರ, ಒಂದೆರಡು ಪುಟ್ಟ ಫೈಲ್. ಯಾರ ಸಹಿಯನ್ನೂ ಮುರಿಯಬೇಕಿಲ್ಲ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಲಿನಕ್ಸನ್ನು ಹೊಂದಿಸಿ ಕೊಟ್ಟಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ಅಂಗಡಿಯ ಕೆಲಸಕ್ಕೆ ವಿಂಡೋಸ್ ಬೇಕಾದವರಿಗೆ ಇದು ಸುಲಭದ ಬದಲಾವಣೆ ಅಲ್ಲ, ಗೊತ್ತಿದೆ.

ಫೋನಿಗೂ ಇಂಥ ಆ್ಯಪ್ ಬಂದರೆ?

ಆಂಡ್ರಾಯ್ಡ್ ಫೋನಿನ ಆರಂಭದ ಅನಿಮೇಷನ್ ಒಂದು ಜಿಪ್ ಫೈಲ್‌ನಲ್ಲಿರುವ ಚಿತ್ರಗಳ ಸರಣಿ. ಅದು ಇರುವುದು ಆ್ಯಪ್‌ಗಳು ಬರೆಯಲಾಗದ ಸಿಸ್ಟಂ ಭಾಗದಲ್ಲಿ. ರೂಟ್ ಮಾಡದ ಫೋನ್‌ನಲ್ಲಿ ಯಾವ ಎಪಿಕೆ ಹಾಕಿದರೂ ಅದು ಬದಲಾಗದು. ಬದಲಿಸಲೇಬೇಕೆಂದು ಬೂಟ್‌ಲೋಡರ್ ಬೀಗ ತೆಗೆದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಯುಪಿಐ ಆ್ಯಪ್‌ಗಳು ಕೆಲಸ ನಿಲ್ಲಿಸಬಹುದು, ಪ್ರತಿ ಬಾರಿ ಆನ್ ಮಾಡಿದಾಗ ಈ ಫೋನ್ ಸುರಕ್ಷಿತವಲ್ಲ ಎಂಬ ಎಚ್ಚರಿಕೆಯೇ ಮೊದಲ ಪರದೆಯಾಗುತ್ತದೆ. ದೇವರ ಚಿತ್ರದ ಎಪಿಕೆ ಒಂದು ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ, ಅದಕ್ಕೆ ಬೇಕಿರುವುದು ನಿಮ್ಮ ಒಟಿಪಿ.

ಈಗಾಗಲೇ ಫೈಲ್ ರನ್ ಮಾಡಿದ್ದರೆ

ವೈಫೈ ಅಥವಾ ಕೇಬಲ್ ತೆಗೆದು ಇಂಟರ್ನೆಟ್ ಕಡಿಯಿರಿ. ಬ್ಯಾಂಕ್, ಇಮೇಲ್, ಅರ್ಜಿ ತುಂಬುವ ಪೋರ್ಟಲ್‌ಗಳ ಪಾಸ್‌ವರ್ಡ್‌ಗಳನ್ನು ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಬದಲಿಸಿ, ಅದೇ ಯಂತ್ರದಿಂದಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬಿಟ್‌ಲಾಕರ್ ಪರದೆ ಬಂದಿದ್ದರೆ ಫಾರ್ಮ್ಯಾಟ್ ಮಾಡಿಸಲು ಓಡಬೇಡಿ. ಲ್ಯಾಪ್‌ಟಾಪ್ ಯಾರ ಇಮೇಲ್‌ನಿಂದ ಶುರುವಾಗಿತ್ತು ಎಂದು ಮೊದಲು ಕೇಳಿನೋಡಿ, ಕೀ ಅಲ್ಲಿ ಸಿಗಬಹುದು. ಮತ್ತು ಆ ಫೈಲ್ ಕಳಿಸಿದ ಹನ್ನೊಂದು ಜನರಿಗೆ, ತೆರೆಯಬೇಡಿ ಎಂದು ಇನ್ನೊಂದು ಮೆಸೇಜ್ ಹಾಕಿ.