ಬಣ್ಣ ಬಳಿಯದೆ ಬಣ್ಣ ಬದಲಿಸುವ ಹಾಳೆ

ಹರಾಜಿನ ದಿನ ತಿಪಟೂರಿನ ಎಪಿಎಂಸಿ ಯಾರ್ಡಿಗೆ ಕೊಬ್ಬರಿ ಚೀಲ ಹೇರಿಕೊಂಡು ಬರುವ ಲಗೇಜ್ ಆಟೋಗಳ ಮೈ ನೋಡಿ. ಮನೆದೇವರ ಹೆಸರು, ಮಕ್ಕಳ ಹೆಸರು, ಹದ್ದು, ಹುಲಿ, ಪುನೀತ್ ರಾಜ್‌ಕುಮಾರ್ ನಗು. ಇವನ್ನೆಲ್ಲ ಹಿಂದೆ ಪೇಂಟರ್ ಕುಂಚ ಹಿಡಿದು ಬರೆಯುತ್ತಿದ್ದ. ಈಗ ಹೆಚ್ಚಿನವು ರೇಡಿಯಂ ಅಂಗಡಿಯಲ್ಲಿ ಕತ್ತರಿಸಿ ಅಂಟಿಸಿದ ವಿನೈಲ್. ಇದೇ ಹಾಳೆಯ ಮೇಲ್ದರ್ಜೆಯದನ್ನು ಇಡೀ ಕಾರಿಗೆ ಹೊದಿಸಿ ಬಣ್ಣ ಬದಲಿಸುವುದುಂಟು. ಅದಕ್ಕೆ ರ‍್ಯಾಪ್ ಎನ್ನುತ್ತಾರೆ. ಹೊರದೇಶಗಳಲ್ಲಿ ಬಿಸಿಲಿಗೆ ಬಣ್ಣಗೆಟ್ಟ ಫೈಬರ್ ದೋಣಿಗಳಿಗೂ ಇದೇ ಉಪಚಾರ ನಡೆಯುತ್ತಿದೆ.

ತೆಂಗಿನ ಸೀಮೆಯಲ್ಲಿ ದೋಣಿಯ ಮಾತೇಕೆ ಎನ್ನಬೇಡಿ. ತುಮಕೂರಿನಿಂದ ತಿಪಟೂರಿನ ಮೇಲೆ ಹಾಯುವ ಹಳೆಯ 206ನೇ ಹೆದ್ದಾರಿ ಮುಗಿಯುತ್ತಿದ್ದುದೇ ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವಲ್ಲಿ. ಮೇಲಾಗಿ ನಮ್ಮ ಕಡೆಯ ಕೆರೆಗಳಲ್ಲಿ ಮೀನು ಹಿಡಿಯುವವರ ಹರಿಗೋಲಿಗೆ ಹೊದಿಕೆಯೇ ಜೀವ. ಬಿದಿರಿನ ಹೆಣಿಗೆಗೆ ಹಿಂದೆ ತೊಗಲು ಸುತ್ತುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುತ್ತಾರೆ. ಅದು ಹರಿದರೆ ಹರಿಗೋಲು ಮುಳುಗುತ್ತದೆ. ಫೈಬರ್ ದೋಣಿಯ ಒಡಲು ತಾನೇ ನೀರು ತಡೆಯುತ್ತದೆ. ಅದರ ಮೇಲಿನ ವಿನೈಲ್‌ಗೆ ಅಂದ ಕಾಪಾಡುವುದಷ್ಟೇ ಕೆಲಸ. ಬಿರುಕು ಬಿಟ್ಟ ಒಡಲಿಗೆ ಹಾಳೆ ಹೊದಿಸಿದರೆ ಬಿರುಕು ಕಣ್ಣಿಗೆ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ವಿನೈಲ್ ಎಂದರೆ ಪಿವಿಸಿ. ತೋಟದ ಬೋರ್‌ವೆಲ್‌ಗೆ ಇಳಿಸುವ ಕೇಸಿಂಗ್ ಪೈಪಿನದೂ ಇದೇ ಪ್ಲಾಸ್ಟಿಕ್. ಅದರ ತೂಕದಲ್ಲಿ ಶೇ. 57ರಷ್ಟು ಕ್ಲೋರಿನ್, ಆ ಕ್ಲೋರಿನ್ ಬರುವುದು ಉಪ್ಪಿನಿಂದ. ಪೈಪ್ ಗಟ್ಟಿಯಾಗಿದ್ದು ಹಾಳೆ ಮೆತ್ತಗಿರಲು ಕಾರಣ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ರಾಸಾಯನಿಕ. ಅದು ಪಿವಿಸಿಯ ಉದ್ದನೆಯ ಅಣುಸರಪಳಿಗಳ ನಡುವೆ ನುಸುಳಿ, ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಹೀಗೆ ಪಿವಿಸಿಯನ್ನು ಮೆತ್ತಗಾಗಿಸುವ ಉಪಾಯ 1926ರಲ್ಲಿ ಹೊಳೆದದ್ದು ಅಮೆರಿಕದ ವಾಲ್ಡೊ ಸೆಮನ್‌ಗೆ.

ಹಾಳೆಯಲ್ಲಿ ಎರಡು ಬಗೆ. ಬಿಸಿ ರೋಲರ್‌ಗಳ ನಡುವೆ ಒತ್ತಿ ಎಳೆದು ಮಾಡಿದ್ದು ಅಗ್ಗ. ಆದರೆ ಎಳೆತದ ಬಿಗಿ ಅದರೊಳಗೆ ಉಳಿದಿರುತ್ತದೆ, ಬಿಸಿಲು ತಾಗಿದಂತೆ ಹಾಳೆ ಕುಗ್ಗಲು ನೋಡುತ್ತದೆ. ದ್ರವವನ್ನು ತೆಳ್ಳಗೆ ಹರಡಿ ಒಲೆಯಲ್ಲಿ ಒಣಗಿಸಿ ಮಾಡಿದ ‘ಕಾಸ್ಟ್’ ಹಾಳೆಗೆ ಆ ಬಿಗಿ ಇರುವುದಿಲ್ಲ. ಸುಮಾರು 50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ದೋಣಿಯ ಮೂತಿಯಂಥ ತಿರುವಿಗೆ ಇದೇ ಆಗಬೇಕು. ಹಾಟ್ ಏರ್ ಗನ್ನಿನಿಂದ ಬಿಸಿ ಮಾಡಿ, ಎಳೆದು ಕೂರಿಸಿ, ಕೊನೆಗೆ ಎಳೆದ ಜಾಗಗಳಿಗೆ 90 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖ ಕೊಟ್ಟರೆ ಅದು ಹೊಸ ಆಕಾರಕ್ಕೇ ಒಗ್ಗಿಕೊಳ್ಳುತ್ತದೆ. ಅವಸರದ ಕೆಲಸಗಾರ ಬಿಟ್ಟುಬಿಡುವುದು ಈ ಕೊನೆಯ ಹಂತವನ್ನೇ.

ಅಂಟು ಅಕ್ರಿಲಿಕ್ ಜಾತಿಯದು. ಒತ್ತಿದಾಗ ಅದು ಬಲು ನಿಧಾನಕ್ಕೆ ಹರಿದು ಮೇಲ್ಮೈಯ ಸಣ್ಣ ಏರುತಗ್ಗುಗಳನ್ನೆಲ್ಲ ತುಂಬಬೇಕು. ನಡುವೆ ಮೇಣವೋ ಎಣ್ಣೆಯ ಪಸೆಯೋ ಇದ್ದರೆ ಹಿಡಿತ ಸಿಗದು. ಕೊಬ್ಬರಿ ಹೇರುವ ಗಾಡಿಗೂ ಈ ಎಚ್ಚರ ಬೇಕು. ಮೊದಲು ಸೋಪು ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಬೇಕು.

ಹಾಳೆಯ ಶತ್ರು ಬಿಸಿಲು. ಅತಿನೇರಳೆ ಕಿರಣಗಳು ಪಿವಿಸಿಯ ಅಣುಗಳನ್ನು ಮುರಿಯುತ್ತವೆ, ಪ್ಲಾಸ್ಟಿಸೈಸರ್ ಮೆಲ್ಲನೆ ಹೊರಬೀಳುತ್ತದೆ. ಅಟ್ಟದ ಮೇಲಿಟ್ಟ ಕಾಯಿಯೊಳಗಿನ ತಿರುಳು ಒಣಗುತ್ತಾ ಕುಗ್ಗಿ ಕರಟ ಬಿಡುವ ಹಾಗೆ, ಹಾಳೆಯೂ ಅಂಚಿನಿಂದ ಎದ್ದುಬರುತ್ತದೆ. ಸೌಮ್ಯ ಹವೆಯ ನಾಡಿನಲ್ಲಿ ಪಕ್ಕದ ಗೋಡೆಗಳ ಮೇಲೆ 5ರಿಂದ 7 ವರ್ಷ ಬಾಳುವ ಹಾಳೆ, ನೆತ್ತಿಯ ಬಿಸಿಲಿಗೆ ಮೈಯೊಡ್ಡಿದ ಚಾವಣಿಯ ಮೇಲೆ ಅದರ ಅರ್ಧ ಬಾಳಿದರೂ ಹೆಚ್ಚು.

ಹಾಗಾದರೆ ಪೇಂಟಿಗಿಂತ ಮೇಲೇ? ನೀರಿನ ಮಟ್ಟದಿಂದ ಮೇಲಕ್ಕೆ, ವಿಹಾರದ ದೋಣಿಗಳಿಗೆ, ಹೌದು ಎನ್ನುತ್ತೇನೆ. ಎರಡು ಭಾಗ ಬೆರೆಸಿ ಸಿಂಪಡಿಸುವ ಪಾಲಿಯುರೆಥೇನ್ ಪೇಂಟಿನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಉಬ್ಬಸ ತರಬಲ್ಲದು. ಹಾಳೆಯಲ್ಲಿ ಆ ಕಾಟವಿಲ್ಲ, ಬೇಸರವಾದಾಗ ಬಿಸಿ ಮಾಡಿ ಸುಲಿಯಬಹುದು. ನೀರಿನೊಳಗಿನ ಭಾಗಕ್ಕೆ ಮಾತ್ರ ಬೇಡ. ಸದಾ ನೆನೆದರೆ ಅಂಚಿನಿಂದ ನೀರು ನುಸುಳುತ್ತದೆ. ಒಡಲಿಗೆ ಕಚ್ಚುವ ಚಿಪ್ಪುಜೀವಿಗಳನ್ನು ದೂರವಿಡಲು ತಾಮ್ರದ ಆಕ್ಸೈಡ್ ಬೆರೆತ ಪೇಂಟೇ ಬೇಕು. ಬಲೆ, ಹಗ್ಗ, ಧಕ್ಕೆಯ ಗೋಡೆ ದಿನವೂ ಉಜ್ಜುವ ಮೀನುಗಾರಿಕೆ ದೋಣಿಗೂ ಹಾಳೆ ಸಲ್ಲದು. ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ಬಿಡುವು ಸಿಗುವುದು ಜೂನ್ 1ರಿಂದ ಜುಲೈ 31ರ ನಿಷೇಧದಲ್ಲಿ, ಅಂದರೆ ಜಡಿಮಳೆಯಲ್ಲಿ. ಪೇಂಟಾಗಲಿ ಅಂಟಾಗಲಿ ಒದ್ದೆ ಮೈಗೆ ಹಿಡಿಯುವುದಿಲ್ಲ.

ಕೆಎ 44ರ ಗಾಡಿಯವರಿಗೆ ಎರಡು ಮಾತು. ಇಡೀ ಬಣ್ಣ ಬದಲಾಗುವಂತೆ ಹೊದಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಏಕೆಂದರೆ ಆರ್‌ಸಿಯಲ್ಲಿ ಗಾಡಿಯ ಬಣ್ಣವೂ ದಾಖಲಾಗಿರುತ್ತದೆ. ಸುಲಿದ ಹಾಳೆಯನ್ನು ತೋಟದಲ್ಲಿ ಗರಿ, ಮಟ್ಟೆಯ ಜೊತೆ ಬೆಂಕಿಗೆ ಹಾಕಬೇಡಿ. ಪಿವಿಸಿ ಉರಿದರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ.