ವೆಬ್‌ಸೈಟ್ ಕಿತ್ತು ಕಟ್ಟೋದು ಬೇಡ, ರಿಪೇರಿ ಸಾಕು

ಎರಡು ವರ್ಷದ ಹಿಂದೆ, ಮೇ ತಿಂಗಳು. ಬಾದಾಮಿ ಕೊಯ್ಲು ಜೋರಾಗಿತ್ತು. ವೈಟ್‌ಫೀಲ್ಡ್‌ನಿಂದ ಒಬ್ಬರು ಫೋನ್ ಮಾಡಿದರು: "ಮೇಡಂ, ನಿಮ್ಮ ಸೈಟಲ್ಲಿ ಮೂರು ಕೆಜಿ ಬಾಕ್ಸ್‌ಗೆ 350 ಅಂತಿದೆ, ವಾಟ್ಸ್ಆ್ಯಪ್‌ನಲ್ಲಿ ನೀವು 480 ಅಂತೀರಾ. ಯಾವುದು ನಿಜ?" ಸೈಟ್‌ನಲ್ಲಿದ್ದದ್ದು ಹಿಂದಿನ ಸೀಸನ್ನಿನ ಬೆಲೆ. ನಾನು ವಿವರಿಸೋಕೆ ಹೋದೆ, ಅವರು "ಆಮೇಲೆ ಹೇಳ್ತೀನಿ" ಅಂದ್ರು. ಆ ಆಮೇಲೆ ಬರಲೇ ಇಲ್ಲ. ಅವರ ಅಪಾರ್ಟ್‌ಮೆಂಟಿಗೆ ಹೋಗಬೇಕಿದ್ದ ಎಂಟು ಬಾಕ್ಸ್ ಕೊನೆಗೆ ಮಂಡಿಗೆ ಹೋಯ್ತು.

ಕ್ಯಾಲನೂರಿನ ನಮ್ಮ ತೋಪಿಗೆ ಐದು ಪುಟದ ಒಂದು ವೆಬ್‌ಸೈಟ್ ಇದೆ. ಮಾಡಿಕೊಟ್ಟವರನ್ನು ಕೇಳಿದರೆ "ಇದು ಹಳೇದಾಯ್ತು, ಪೂರ್ತಿ ಹೊಸದು ಮಾಡಿಸಿ, 45 ಸಾವಿರ" ಅಂದರು. ಅದು ನಾನು ಡ್ರಿಪ್ ಪೈಪು ಬದಲಾಯಿಸೋಕೆ ಎತ್ತಿಟ್ಟಿದ್ದ ದುಡ್ಡು.

ಆಗ ನೆನಪಾಗಿದ್ದು ನಮ್ಮ ತೋಪಿನ ಹಳೇ ತೋತಾಪುರಿ ಮರಗಳು. ಅವನ್ನು ನಾವು ಬುಡಸಮೇತ ಕೀಳಲಿಲ್ಲ. ಮೇಲೆ ಕಡಿದು, ಚಿಗುರು ಬಂದ ಮೇಲೆ ಅದಕ್ಕೆ ಮಲ್ಲಿಕಾ ಕಸಿ ಕಟ್ಟಿದೆವು. ಬೇರು ಹಳೇದೇ ಇದ್ದಿದ್ದಕ್ಕೆ ಹೊಸ ಸಸಿಗಿಂತ ಬೇಗ ಫಸಲು ಬಂತು. ವೆಬ್‌ಸೈಟ್‌ಗೂ ಬೇರಿದೆ. ಗೂಗಲ್‌ಗೆ ಗೊತ್ತಿರೋ ವಿಳಾಸ, ಹಳೇ ಗಿರಾಕಿಗಳು ಗ್ರೂಪಿಗೆ ಕಳಿಸಿರೋ ಲಿಂಕು, ಇವೇ ಆ ಬೇರು. ಅದನ್ನು ಹಾಗೇ ಬಿಟ್ಟು ಮೇಲಿನದನ್ನು ಸರಿಮಾಡೋಣ ಅಂದ್ಕೊಂಡೆ.

ಹೊಲದಲ್ಲಿ ನಿಂತು ನೋಡಿ

ಮೊದಲು ಮಾಡಿದ ಕೆಲಸ, ವೈಫೈ ಆಫ್ ಮಾಡಿ ಬೋರ್‌ವೆಲ್ ಹತ್ರ ನಿಂತು ನಮ್ಮ ಹುಡುಗನ ಸಾಧಾರಣ ಫೋನಲ್ಲಿ ಸೈಟ್ ತೆರೆದಿದ್ದು. ಚಕ್ರ ತಿರುಗ್ತಾನೇ ಇತ್ತು. "ಅಕ್ಕಾ, ಇಷ್ಟೊತ್ತಿಗೆ ಹಣ್ಣೇ ಕಿತ್ತುಬಿಡಬಹುದಿತ್ತು" ಅಂದ ಅವನು.

ಕಾರಣ ಫೋಟೋಗಳು. ಮುಖಪುಟದಲ್ಲಿ ತಾನಾಗೇ ಸರಿಯೋ ಐದು ಚಿತ್ರ, ಒಂದೊಂದು ಸುಮಾರು 4 ಎಂಬಿ. ಒಟ್ಟು 20 ಎಂಬಿ ಅಂದರೆ 160 ಮೆಗಾಬಿಟ್. ಹಳ್ಳಿಯಲ್ಲಿ ಸಿಗ್ನಲ್ ಕುಂಟುವಾಗ ಸೆಕೆಂಡಿಗೆ 2 ಮೆಗಾಬಿಟ್ ಬಂದರೂ 80 ಸೆಕೆಂಡ್ ಬೇಕು. ಅಷ್ಟು ಹೊತ್ತು ಯಾರು ಕಾಯ್ತಾರೆ?

ಐದರಲ್ಲಿ ನಾಲ್ಕು ಚಿತ್ರ ತೆಗೆದೆ. ಉಳಿದ ಒಂದನ್ನು ಗೂಗಲ್‌ನವರ ಸ್ಕ್ವೂಶ್ ಅನ್ನೋ ಉಚಿತ ಪುಟದಲ್ಲಿ ಹಾಕಿ, ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪದಲ್ಲಿ ಉಳಿಸಿದೆ. 150 ಕೆಬಿಗೆ ಬಂತು. ಫೋನಿನ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನೋ ಇನ್ನೊಂದು ಉಚಿತ ಪರೀಕ್ಷೆ ಇದೆ, ನಿಮ್ಮ ವಿಳಾಸ ಹಾಕಿ ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಗೂಗಲ್ ಲೆಕ್ಕದಲ್ಲಿ ಅದು ಚೆನ್ನಾಗಿದೆ. ನೂರಕ್ಕೆ ನೂರು ಅಂಕ ಬರಲಿಲ್ಲ ಅಂತ ತಲೆ ಕೆಡಿಸ್ಕೋಬೇಡಿ. ನಾನು ಎರಡು ದಿನ ಅದಕ್ಕೇ ಕೂತು ಸೌತೆಗೆ ಬೂದಿರೋಗ ಬಂದದ್ದನ್ನು ತಡವಾಗಿ ನೋಡಿದೆ!

ಗೂಗಲ್‌ಗೆ ಓದೋಕೆ ಬರಬೇಕು

ನಮ್ಮ ಮುಖಪುಟದ ಮೊದಲ ಸಾಲು "ಪ್ರಕೃತಿಯ ಮಡಿಲಿಗೆ ಸ್ವಾಗತ" ಅಂತಿತ್ತು. ಬ್ರೌಸರ್ ಶೀರ್ಷಿಕೆ ಬರೀ "ಹೋಮ್". ಹಣ್ಣು ಬೇಕಾದವರು ಪ್ರಕೃತಿಯ ಮಡಿಲು ಅಂತ ಹುಡುಕಲ್ಲ ಅಲ್ವಾ? ಅವರು ಹುಡುಕೋದು ಕೋಲಾರ ಮಾವು, ಸಾವಯವ ಬಾದಾಮಿ, ಕಾರ್ಬೈಡ್ ಹಾಕದ ಹಣ್ಣು ಅಂತ. ಶೀರ್ಷಿಕೆಯನ್ನು "ಬಾದಾಮಿ, ರಸಪುರಿ, ಮಲ್ಲಿಕಾ ಮಾವು – ಕ್ಯಾಲನೂರು, ಕೋಲಾರ" ಅಂತ ಬದಲಾಯಿಸಿದೆ. ಕೆಳಗೆ ಇಂಗ್ಲಿಷಿನಲ್ಲೂ ಅದನ್ನೇ ಬರೆದೆ.

ಇನ್ನೊಂದು ಎಡವಟ್ಟು ಕನ್ನಡ ಪುಟದಲ್ಲಿತ್ತು. ಅದನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಹಾಕಿದ್ದರು. ಆ ಫಾಂಟ್ ಇಲ್ಲದ ಫೋನಿನಲ್ಲಿ ಅಕ್ಷರ ಚೆಲ್ಲಾಪಿಲ್ಲಿ, ಗೂಗಲ್‌ಗಂತೂ ಅದು ಕನ್ನಡವೇ ಅಲ್ಲ. ಫೋನಿನ ಕೀಬೋರ್ಡಲ್ಲಿ ಬರೆಯೋದು ಯೂನಿಕೋಡ್, ಅದರಲ್ಲೇ ಮತ್ತೆ ಬರೆದೆ. ಬೆಲೆಪಟ್ಟಿ, ಫೋನ್ ನಂಬರ್ ಎರಡೂ ಚಿತ್ರದೊಳಗೆ ಇದ್ದವು. ಅವನ್ನೂ ಅಕ್ಷರವಾಗಿ ಹಾಕಿದೆ. ಚಿತ್ರದಲ್ಲಿರೋ ನಂಬರನ್ನು ಒತ್ತಿದರೆ ಕಾಲ್ ಹೋಗಲ್ಲ.

ಆರ್ಡರ್‌ಗೆ ಕಾರ್ಟು, ಪೇಮೆಂಟ್ ಗೇಟ್‌ವೇ ಏನೂ ಸೇರಿಸಲಿಲ್ಲ. ಒಂದು ವಾಟ್ಸ್ಆ್ಯಪ್ ಬಟನ್ ಸಾಕಾಯ್ತು. ಲಿಂಕ್ ಬರೆಯುವಾಗ ಡಬ್ಲ್ಯೂಎ ಡಾಟ್ ಎಂಇ, ಸ್ಲ್ಯಾಷ್, ಆಮೇಲೆ 91, ಅದಕ್ಕೆ ಅಂಟಿಕೊಂಡ ಹಾಗೆ ನಿಮ್ಮ ಹತ್ತಂಕಿ ನಂಬರ್. ಪ್ಲಸ್ ಗುರುತು, ಮುಂದಿನ ಸೊನ್ನೆ, ನಡುವೆ ಖಾಲಿ ಜಾಗ ಯಾವುದೂ ಬೇಡ.

ಈ ವಾರ ಏನಿದೆ

ರಾಜ್ಯದ ಮಾವು ಅಭಿವೃದ್ಧಿ ನಿಗಮದ ಕರ್‌ಸಿರಿ ಪೋರ್ಟಲ್ ನೋಡಿರಬಹುದು. ರೈತರ ಹಣ್ಣು 3 ಕೆಜಿ ಬಾಕ್ಸಿನಲ್ಲಿ ಅಂಚೆಯ ಮೂಲಕ ಬೆಂಗಳೂರಿನ ಮನೆಗೆ ಹೋಗುತ್ತೆ. ಅಲ್ಲಿ ಗಿರಾಕಿ ನೋಡೋದು ಯಾವ ತಳಿ, ಯಾರ ಹಣ್ಣು, ಎಷ್ಟು ತೂಕ, ಎಷ್ಟು ಬೆಲೆ ಅನ್ನೋದನ್ನ. ನಮ್ಮ ಸೈಟ್‌ನಲ್ಲಿ ಇವು ಬಿಟ್ಟು ಉಳಿದದ್ದೆಲ್ಲಾ ಇತ್ತು.

ಈಗ ಮುಖಪುಟದಲ್ಲೇ "ಈ ವಾರ ಏನಿದೆ" ಅಂತ ನಾಲ್ಕು ಸಾಲು. ಸೋಮವಾರ ಬೆಳಗ್ಗೆ ಫೋನಿಂದಲೇ ಬದಲಾಯಿಸ್ತೀನಿ, ಕೆಳಗೆ ದಿನಾಂಕ ಹಾಕ್ತೀನಿ. ಹಣ್ಣು ಮುಗಿದರೆ "ಮುಗಿದಿದೆ, ಇನ್ನು ಮುಂದಿನ ಮೇ" ಅಂತ ಬರೀತೀನಿ. ದಿನಾಂಕ ಇಲ್ಲದ ಬೆಲೆಗಿಂತ ಬೆಲೆ ಹಾಕದಿರೋದೇ ವಾಸಿ.

ಇದರ ಜೊತೆ ಮುಜುಗರದ ಒಂದು ಸಂಗತಿನೂ ಸಿಕ್ತು. ಸೈಟ್ ಮಾಡಿದವರು "100 ಪರ್ಸೆಂಟ್ ಸರ್ಟಿಫೈಡ್ ಆರ್ಗ್ಯಾನಿಕ್" ಅಂತ ಹಾಕಿದ್ದರು, ನಾನೂ ಸುಮ್ಮನಿದ್ದೆ. ನಾವು ಆಗಿನ್ನೂ ಪಿಜಿಎಸ್-ಇಂಡಿಯಾ ವ್ಯವಸ್ಥೆಯಲ್ಲಿ ಪರಿವರ್ತನೆ ಹಂತದಲ್ಲಿದ್ದೆವು. ಆ ಹಂತದವರಿಗೆ ಪಿಜಿಎಸ್-ಗ್ರೀನ್ ಗುರುತು ಮಾತ್ರ, ಪಿಜಿಎಸ್-ಆರ್ಗ್ಯಾನಿಕ್ ಬರೋದು ಪರಿವರ್ತನೆ ಮುಗಿದ ಮೇಲೆ. ಆ ಸಾಲು ಅಳಿಸಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಇಬ್ಬರು ಹಳೇ ಗಿರಾಕಿಗಳು ಪ್ರಶ್ನೆ ಕೇಳಿದರು, ಒಬ್ಬರು ಬಿಟ್ಟೂ ಹೋದರು. ಹೋಗಲಿ.

ನಾನು ಕೆಡಿಸಿದ್ದು

ಎಲ್ಲಾ ಸಲೀಸಾಗಿ ಆಗಲಿಲ್ಲ. ಬೆಲೆ ಪುಟದ ವಿಳಾಸ ಉದ್ದ ಆಯ್ತು ಅಂತ ಬದಲಾಯಿಸಿಬಿಟ್ಟೆ. ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿದ್ದ ಹಳೇ ಲಿಂಕೆಲ್ಲಾ "ಪುಟ ಸಿಗಲಿಲ್ಲ" ಅನ್ನೋಕೆ ಶುರುವಾಯ್ತು. ನಾಲ್ಕು ದಿನ ಗೊತ್ತೇ ಆಗಲಿಲ್ಲ. ವಿಳಾಸ ಬದಲಾಯಿಸಲೇಬೇಕಿದ್ದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿ. ಯಾವುದಕ್ಕೆ ಕೈ ಹಾಕೋಕೂ ಮುಂಚೆ ಬ್ಯಾಕಪ್ ತೆಗೀರಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಗೊಬ್ಬರ ಒಟ್ಟಿಗೆ ಕೊಟ್ಟರೆ ಯಾವುದು ಕೆಲಸ ಮಾಡ್ತು ಅಂತ ಹೇಗೆ ಗೊತ್ತಾಗುತ್ತೆ?

ಸೈಟ್ ಫೋನಿನ ಪರದೆಗೆ ಹೊಂದದೆ ಅಡ್ಡಡ್ಡ ಸರೀತಿದ್ದರೆ, ಅಥವಾ ಒಂದು ಸಾಲು ಬದಲಾಯಿಸೋಕೂ ಬೇರೆಯವರಿಗೆ ಫೋನ್ ಮಾಡಬೇಕಿದ್ದರೆ, ಆಗ ಹೊಸದು ಮಾಡಿಸಿ, ತಪ್ಪಿಲ್ಲ. ನಮ್ಮದಕ್ಕೆ ಎಂಟು ಸಂಜೆ ಹಿಡೀತು, ಖರ್ಚು ಡೊಮೇನ್ ನವೀಕರಣದ್ದು ಮಾತ್ರ.

ಆ ಡೊಮೇನ್ ಕೂಡ ಮಾಡಿಕೊಟ್ಟವರ ಇಮೇಲ್‌ನಲ್ಲೇ ಇತ್ತು. ನನ್ನ ಖಾತೆಗೆ ವರ್ಗ ಮಾಡಿಸ್ಕೊಳ್ಳೋಕೆ ಹನ್ನೊಂದು ಫೋನ್ ಕಾಲ್ ಆಯ್ತು. ನಿಮ್ಮದು ಯಾರ ಹೆಸರಲ್ಲಿದೆ, ಯಾವತ್ತು ಮುಗಿಯುತ್ತೆ ಅಂತ ಇವತ್ತು ಸಂಜೆನೇ ನೋಡ್ಕೊಳ್ಳಿ. ಸೀಸನ್ ಶುರುವಾದ ಮೇಲೆ ಪುರುಸೊತ್ತು ಸಿಗಲ್ಲ.